ಸಹಾಯ ಬೇಕು: ಆಷಾಢದ ಮಂಜನ್ನು ಜಲವರ್ಣದಲ್ಲಿ ಹಿಡಿಯುವುದು ಹೇಗೆ?

ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಯುಗಾದಿಯಿಂದ ಜಗುಲಿಯಲ್ಲಿ ಕುಳಿತು ವಾರಕ್ಕೊಮ್ಮೆ ಒಂದೇ ನೋಟವನ್ನು ಬರೆಯುತ್ತಿದ್ದೇನೆ: ಅಡಿಕೆ ತೋಟ, ಅದರಾಚೆಯ ಗುಡ್ಡ. ಚೈತ್ರದ ಚಿಗುರು ತಾಮ್ರದ ಬಣ್ಣದಿಂದ ಎಳೆ ಹಸಿರಿಗೆ ಎಷ್ಟು ಮೆಲ್ಲಗೆ ತಿರುಗುತ್ತದೆ ಎಂಬುದನ್ನು 40 ವರ್ಷ ಇಲ್ಲೇ ಇದ್ದೂ ನಾನು ನೋಡಿರಲಿಲ್ಲ. ಕುಂಚ ಹಿಡಿದ ಮೇಲೆಯೇ ಕಂಡಿತು.

ಈಗ ಆಷಾಢದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಗಾಳಿಯಲ್ಲೇ ಅಷ್ಟು ತೇವವಿರುವುದರಿಂದ ಮೊದಲ ಪದರ ಗಂಟೆಗಟ್ಟಲೆ ಒಣಗುವುದಿಲ್ಲ. ಅದರ ಮೇಲೆ ಗುಡ್ಡದ ಬಣ್ಣ ಇಟ್ಟರೆ ನೀರು ಹರಡಿ ಹೂಕೋಸಿನಂಥ ಕಲೆ ಏಳುತ್ತದೆ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯ) ಹತ್ತಿ ಕಾಗದ ತರಿಸಿದೆ, ಕಲೆ ಕಡಿಮೆಯಾಯಿತು, ಹೋಗಲಿಲ್ಲ. ಹೇರ್ ಡ್ರೈಯರ್ ಹಿಡಿದರೆ ಕಾಗದವೇನೋ ಒಣಗುತ್ತದೆ, ಆದರೆ ಮಂಜಿನ ಅಂಚು ಕತ್ತರಿಸಿದಂತೆ ಗಡುಸಾಗುತ್ತದೆ. ನಮ್ಮ ಗುಡ್ಡದ ಮಂಜು ಹಾಗಿಲ್ಲ. ಅದು ಎಲ್ಲಿ ಮುಗಿದು ಮರ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ನನಗೆ ಬೇಕಿರುವುದೂ ಅದೇ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲೂ ಜಲವರ್ಣ ಬಳಸುವವರು ದಯವಿಟ್ಟು ತಿಳಿಸಿ: ಗುಡ್ಡದ ಬಣ್ಣವನ್ನು ಕಾಗದದ ಮೇಲೆ ನೀರಿನ ಹೊಳಪು ಇರುವಾಗಲೇ ಇಡಬೇಕೇ, ಹೊಳಪು ಆರಿದ ಮೇಲೆಯೇ? ಆಗ ಕುಂಚದಲ್ಲಿ ನೀರು ಎಷ್ಟಿರಬೇಕು?