ಬ್ರಸಲ್ಸ್ ಸ್ಪ್ರೌಟ್ಸ್ ಗಟ್ಟಿ ಆಗ್ತಿಲ್ಲ, ತುದಿ ಚಿವುಟಬೇಕಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಹಿತ್ತಲಲ್ಲಿ ಮೊದಲ ಸಲ ಬ್ರಸಲ್ಸ್ ಸ್ಪ್ರೌಟ್ಸ್ (ಕಾಂಡದ ಉದ್ದಕ್ಕೂ ಪುಟ್ಟ ಎಲೆಕೋಸುಗಳನ್ನು ಬಿಡುವ ತರಕಾರಿ) ಹಾಕಿದ್ದೇನೆ, ಆರು ಗಿಡ. ಏಪ್ರಿಲ್‌ನಲ್ಲಿ ಬೀಜ ಬಿತ್ತಿ, ಜೂನ್ ಮೊದಲ ವಾರ 60 ಸೆಂಟಿಮೀಟರ್ ಅಂತರದಲ್ಲಿ ಸಸಿ ನೆಟ್ಟೆ. ಈಗ ಅಕ್ಟೋಬರ್ ಕೊನೆ. ಗಿಡ ಸೊಂಟದೆತ್ತರ ಬಂದಿದೆ, ಎಲೆ ನೋಡಿದರೆ ಖುಷಿಯಾಗುತ್ತದೆ.

ಆದರೆ ಬುಡದ ಕಡೆಯ ಮರಿಕೋಸುಗಳು ಗೋಲಿಯ ಹಾಗೆ ಗಟ್ಟಿಯಾಗುವ ಬದಲು ಗುಲಾಬಿಯಂತೆ ಬಿಚ್ಚಿಕೊಂಡಿವೆ. ಒಂದನ್ನು ಕಿತ್ತು ನೋಡಿದೆ. ಒಳಗೆ ಇಬ್ಬನಿ ನೀರು, ಜೊತೆಗೆ ಬೂದು ಬಣ್ಣದ ಹೇನಿನ ಗುಂಪು! ಮೇಲಿನವು ಇನ್ನೂ ಬಟಾಣಿ ಗಾತ್ರ.

ತಪ್ಪು ನನ್ನದೇ ಇರಬೇಕು. ನೆಡುವ ಮುಂಚೆ ಮಣ್ಣನ್ನು ಅಗೆದು ಹತ್ತಿಯ ಹಾಗೆ ಸಡಿಲ ಮಾಡಿ, ಕೋಳಿಗೊಬ್ಬರ ಜಾಸ್ತಿನೇ ಸುರಿದಿದ್ದೆ. ಊರಲ್ಲಿ ಅಪ್ಪ ಬದನೆಗೆ ಹಾಗೇ ಮಾಡುತ್ತಿದ್ದರು. ಇದಕ್ಕೆ ಮಣ್ಣು ಗಟ್ಟಿಯಾಗಿರಬೇಕು ಅಂತ ಆಮೇಲೆ ಗೊತ್ತಾಯಿತು. ಬುಡ ತುಳಿದು, ಮಣ್ಣು ಏರಿಸಿ, ಕೋಲು ಕಟ್ಟಿದೆ. ಹಳದಿ ಎಲೆ ತೆಗೆದೆ. ಗೊಬ್ಬರ ನಿಲ್ಲಿಸಿ 3 ವಾರ ಆಯಿತು. ಚಿಟ್ಟೆ, ಪಾರಿವಾಳಕ್ಕೆ ಬಲೆ ಮೊದಲಿಂದಲೂ ಇದೆ, ಆ ಕಾಟ ಇಲ್ಲ.

ಪಕ್ಕದ ಮನೆ ಅಜ್ಜ ತುದಿ ಕತ್ತರಿಸು, ಮೇಲಿನವು ಬೇಗ ದಪ್ಪ ಆಗುತ್ತವೆ ಅನ್ನುತ್ತಾರೆ. ಅಜ್ಜಿ ಮುಟ್ಟಲೇಬೇಡ, ಚಳಿಗೆ ಅದೇ ಕೊಡೆ ಅನ್ನುತ್ತಾರೆ. ಬೇಲಿ ಹತ್ತಿರ ನಿಂತು ಇಬ್ಬರದೂ ಜಗಳ, ನಡುವೆ ನಾನು.

ಬೆಳೆದು ಗೊತ್ತಿರುವವರು ಹೇಳಿ: ಬಿಚ್ಚಿಕೊಂಡವನ್ನು ಈಗಲೇ ಕಿತ್ತು ಪಲ್ಯ ಮಾಡಿಬಿಡಲಾ, ಗಿಡದಲ್ಲೇ ಬಿಡಲಾ? ಈಗ ತುದಿ ಚಿವುಟಿದರೆ ಕ್ರಿಸ್‌ಮಸ್ ಹೊತ್ತಿಗೆ ಮೇಲಿನವು ಗಟ್ಟಿಯಾಗುತ್ತವಾ?