ಗ್ರೇನ್ ಎಲಿವೇಟರ್‌ಗೆ ‘ಏತಗಣಜ’ ಆಗಬಹುದೇ?

ಬಲ್ಲವರಿಗೆ ನಮಸ್ಕಾರ.

ಅಮೆರಿಕದ ಬಫಲೋ ನಗರದ ಹಳೆಯ ಗ್ರೇನ್ ಎಲಿವೇಟರ್‌ಗಳ, ಎಂದರೆ ಕಾಳನ್ನು ಯಂತ್ರದಿಂದ ಮೇಲೆತ್ತಿ ಕೂಡಿಡುವ ಕಟ್ಟಡಗಳ, ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅವಕ್ಕೊಂದು ಕನ್ನಡ ಹೆಸರು ಬೇಕಾಗಿದೆ. ‘ಎಲಿವೇಟರ್’ ಎಂದರೆ ನಮ್ಮ ಓದುಗರ ಕಣ್ಣಿಗೆ ಕಟ್ಟುವುದು ಲಿಫ್ಟ್. ‘ಉಗ್ರಾಣ’, ‘ಧಾನ್ಯಾಗಾರ’ ಎಂದರೆ ಕೂಡಿಡುವುದಷ್ಟೇ ಉಳಿದು, ಎತ್ತುವ ಕೆಲಸ ಬಿಟ್ಟೇಹೋಗುತ್ತದೆ. ಆ ಕಟ್ಟಡಗಳ ಜೀವಾಳವೇ ಎತ್ತುವುದು.

1825ರಲ್ಲಿ, ಈರಿ ಸರೋವರದ ದಡದ ಬಫಲೋವನ್ನು ಹಡ್ಸನ್ ನದಿಗೆ ಜೋಡಿಸುವ ಈರಿ ಕಾಲುವೆ ತೆರೆದ ಮೇಲೆ ಪಶ್ಚಿಮದ ಗೋಧಿ ಸರೋವರದ ಹಡಗುಗಳಲ್ಲಿ ಬಫಲೋಗೆ ಬಂದು, ಅಲ್ಲಿಂದ ಕಾಲುವೆಯ ದೋಣಿಗಳಿಗೆ ಹೋಗುತ್ತಿತ್ತು. ಅದನ್ನು ಇಳಿಸುತ್ತಿದ್ದವರು ಬೆನ್ನ ಮೇಲೆ ಹೊರುವ ಕೂಲಿಗಳು. 1842ರಲ್ಲಿ ವ್ಯಾಪಾರಿ ಜೋಸೆಫ್ ಡಾರ್ಟ್ ಮತ್ತು ಎಂಜಿನಿಯರ್ ರಾಬರ್ಟ್ ಡನ್‌ಬಾರ್ ಉಗಿಯಂತ್ರದಿಂದ ಸುತ್ತುವ ಪಟ್ಟಿಗೆ ಸಾಲಾಗಿ ಬಕೆಟ್‌ಗಳನ್ನು ಕಟ್ಟಿ, ಅದನ್ನು ನೇರವಾಗಿ ಹಡಗಿನ ಒಡಲಿಗೇ ಇಳಿಬಿಡುವ ಏರ್ಪಾಡು ಹೂಡಿದರು. ಬಕೆಟ್‌ಗಳು ಕಾಳನ್ನು ಮೊಗೆದು ಮೇಲೊಯ್ದು ಕಣಜಕ್ಕೆ ಸುರಿಯುತ್ತಿದ್ದವು.

1897ರ ‘ಗ್ರೇಟ್ ನಾರ್ದರ್ನ್’ ಎಲಿವೇಟರ್‌ನಲ್ಲಂತೂ ಉಕ್ಕಿನ ಕಣಜಗಳು ತಮ್ಮ ಭಾರವನ್ನು ತಾವೇ ಹೊತ್ತಿದ್ದವು. ಸುತ್ತಲಿನ ಇಟ್ಟಿಗೆ ಗೋಡೆ ಗಾಳಿಮಳೆಗೆ ಮರೆಯಷ್ಟೇ. 2021ರ ಡಿಸೆಂಬರಿನ ಬಿರುಗಾಳಿಗೆ ಒಂದು ಪಕ್ಕದ ಗೋಡೆ ಕುಸಿದಾಗಲೂ ಒಳಗಿನ ಕಣಜಗಳು ನಿಂತೇ ಇದ್ದವು. ಆಮೇಲೆ ಕಟ್ಟಡವನ್ನೇ ಕೆಡವಿದರು. ಉಳಿಸಿಕೊಳ್ಳಬೇಕಿದ್ದ ಕಟ್ಟಡ ಅದು. ಗೋಪುರದಷ್ಟೆತ್ತರದ ಯಂತ್ರಕ್ಕೆ ಗೋಡೆ ಹೊದಿಸಿದಂತಿದ್ದ ಇಂಥದ್ದನ್ನು ಬರಿಯ ‘ಉಗ್ರಾಣ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

‘ಎತ್ತುಗಣಜ’ ಎಂದರೆ ಹೋರಿ, ಎತ್ತುಗಳ ನೆನಪು ಅಡ್ಡ ಬರುತ್ತದೆ. ‘ಹಗೇವು’ ನೆಲದೊಳಗಿನದು, ‘ವಾಡೆ’ ಮನೆಯೊಳಗಿನದು. ನನ್ನ ಒಲವು ‘ಏತಗಣಜ’ದ ಕಡೆಗೆ. ಬಾವಿಯ ಏತ ಕಣ್ಮರೆಯಾದರೂ ‘ಏತ ನೀರಾವರಿ’ಯಲ್ಲಿ ಆ ಮಾತು ಪಂಪಿಗೂ ಒಗ್ಗಿಕೊಂಡಿದೆ, ಕಾಳಿಗೇಕೆ ಒಗ್ಗಬಾರದು?

ಇನ್ನೊಂದು ತೊಡಕು. ಬಕೆಟ್ ತಲುಪದ ಮೂಲೆಗಳಿಂದ ಕಾಳನ್ನು ಅದರ ಬಾಯಿಗೆ ತಳ್ಳಿಕೊಡಲು ಹಡಗಿನೊಳಗೆ ಸಲಿಕೆ ಹಿಡಿದ ಆಳುಗಳಿರುತ್ತಿದ್ದರು. ಬಫಲೋದಲ್ಲಿ ಇವರನ್ನು ‘ಸ್ಕೂಪರ್’ ಎನ್ನುತ್ತಿದ್ದರು, ಬಹುಪಾಲು ಐರಿಷ್ ಮೂಲದವರು. ‘ಹಮಾಲಿ’ ಹೊರುವವನು; ಇವರು ಹೊರುವವರಲ್ಲ, ಗೋರುವವರು. ‘ಗೋರಾಳು’ ಎಂದು ಬರೆದರೆ ಓದುಗರಿಗೆ ತಿಳಿದೀತೇ? ಮಂಗಳೂರು ಬಂದರಿನಲ್ಲೋ ರೈಲ್ವೆ ಗೂಡ್ಸ್ ಶೆಡ್ಡುಗಳಲ್ಲೋ ಸಡಿಲ ಕಾಳನ್ನು ಗೋರುವವರಿಗೆ ಬಳಕೆಯ ಹೆಸರೇನಾದರೂ ಇದ್ದರೆ ದಯವಿಟ್ಟು ತಿಳಿಸಿ, ಅದನ್ನೇ ಬಳಸುತ್ತೇನೆ.