ಎಸ್ಸೆಸ್ಸೆಲ್ಸಿ ನಂತರ ಐಟಿಐ: ಮಗನ ಆಯ್ಕೆಗೆ ಒಪ್ಪಬಹುದೇ?

ಪ್ರಶ್ನೆ (ತಿಪಟೂರಿನ ಪೋಷಕರು):
ನನ್ನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾನೆ. ಪಿಯುಸಿ ವಿಜ್ಞಾನಕ್ಕೆ ಸೇರಿಸಬೇಕೆಂಬುದು ಮನೆಯವರ ಒತ್ತಾಯ. ಅವನು ಮಾತ್ರ ಐಟಿಐಯಲ್ಲಿ ಫಿಟ್ಟರ್ ಟ್ರೇಡ್ (ಯಂತ್ರದ ಬಿಡಿಭಾಗಗಳನ್ನು ಅಳೆದು, ಉಜ್ಜಿ, ಜೋಡಿಸುವ ಕಸುಬು) ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ಓದು ತಲೆಗೆ ಹತ್ತದವರು ಸೇರುವ ಜಾಗ ಅದು ಎಂದು ಬಂಧುಗಳು ಹಂಗಿಸುತ್ತಿದ್ದಾರೆ. ಕಾರ್ಖಾನೆಗಳಲ್ಲಿ ಈ ಶಿಕ್ಷಣಕ್ಕೆ ನಿಜವಾಗಿ ಬೆಲೆಯಿದೆಯೇ? ಮುಂದೆ ಓದುವ ದಾರಿ ಮುಚ್ಚಿಹೋಗುವುದಿಲ್ಲವೇ?

ಉತ್ತರ 1 (ಪೀಣ್ಯದ ಟೂಲ್ ರೂಮ್ ಮೇಲ್ವಿಚಾರಕ):
ನಮ್ಮಲ್ಲಿ ಕೆಲಸ ಕೇಳಿ ಬಂದವರ ಕೈಗೆ ಮೊದಲು ಒಂದು ಡ್ರಾಯಿಂಗ್, ಒಂದು ಬಿಡಿಭಾಗ ಮತ್ತು ಮೈಕ್ರೋಮೀಟರ್ ಕೊಡುತ್ತೇವೆ. 0.01 ಮಿಲಿಮೀಟರ್‌ವರೆಗೆ ತಡವರಿಸದೆ ಅಳೆದು, ಅಳತೆ ಟಾಲರೆನ್ಸ್ (ಡ್ರಾಯಿಂಗ್ ಒಪ್ಪುವ ವ್ಯತ್ಯಾಸದ ಮಿತಿ) ಒಳಗಿದೆಯೋ ಇಲ್ಲವೋ ಎಂದು ಹೇಳಬಲ್ಲವರನ್ನು ಅಂಕಪಟ್ಟಿ ನೋಡದೆಯೇ ಆರಿಸುತ್ತೇವೆ. ಇಂಜಿನಿಯರಿಂಗ್ ಪದವೀಧರರಲ್ಲೂ ಹಲವರು ಇಲ್ಲಿ ಎಡವುತ್ತಾರೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ಬಂದ ಮೇಲೆ ಫಿಟ್ಟರ್ ಏಕೆ ಎನ್ನುವವರು ಬಹುಶಃ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಜೋಡಣೆಯನ್ನು ಕಂಡಿಲ್ಲ. ಡೈನ ಒಂದು ಭಾಗಕ್ಕೆ ನೀಲಿ ಬಣ್ಣ ಸವರಿ, ಇನ್ನೊಂದನ್ನು ಅದರ ಮೇಲೆ ಕೂರಿಸಿ ತೆಗೆದು, ಬಣ್ಣ ಅಂಟಿದ ಜಾಗವನ್ನಷ್ಟೇ ಉಜ್ಜುತ್ತಾ ಎರಡೂ ಸಮನಾಗಿ ತಾಗುವವರೆಗೆ ಸರಿಪಡಿಸುವ ಆ ಕೆಲಸ ಇಂದಿಗೂ ಅನುಭವಿ ಫಿಟ್ಟರನದೇ.

ಉತ್ತರ 2 (ನಿವೃತ್ತ ಐಟಿಐ ಬೋಧಕಿ):
ದಾರಿ ಮುಚ್ಚುವುದಿಲ್ಲ. ಎರಡು ವರ್ಷದ ಟ್ರೇಡ್ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಬಳಿಕ ಡಿಸಿಇಟಿ (ಡಿಪ್ಲೊಮಾ ಆದವರ ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಪ್ರವೇಶವಿದೆ. ಆದರೆ ಅದಕ್ಕೆ ಮೊದಲು ಒಂದು ವರ್ಷ ಅಪ್ರೆಂಟಿಸ್ ಆಗಿ ದುಡಿಯಲಿ ಎಂಬುದು ನನ್ನ ಸಲಹೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಎಚ್‌ಎಎಲ್, ಬಿಇಎಲ್ ಮತ್ತು ರೈಲ್ವೆ ಕಾರ್ಯಾಗಾರಗಳು ಶಿಷ್ಯವೇತನ ಕೊಟ್ಟು ತರಬೇತಿ ನೀಡುತ್ತವೆ. ಪಾಳಿಯ ಶಿಸ್ತು, ಕೆಟ್ಟುನಿಂತ ಯಂತ್ರದ ಮುಂದೆ ಕಾಪಾಡಿಕೊಳ್ಳಬೇಕಾದ ತಾಳ್ಮೆ ಮುಂತಾದವನ್ನು ತರಗತಿಯಲ್ಲಿ ನಾವು ಎಷ್ಟು ಹೇಳಿದರೂ ಅಷ್ಟಕ್ಕಷ್ಟೇ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೂ ಫಿಟ್ಟರ್ ಟ್ರೇಡ್ ಅರ್ಹತೆಯೇ.

ಉತ್ತರ 3 (ಹುಬ್ಬಳ್ಳಿಯ ವಿದ್ಯುತ್ ಗುತ್ತಿಗೆದಾರ):
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಎಲ್ಲ ಐಟಿಐಗಳೂ ಒಂದೇ ಅಲ್ಲ. ನನ್ನ ತಮ್ಮ ಸೇರಿದ್ದ ಖಾಸಗಿ ಸಂಸ್ಥೆಯಲ್ಲಿ ಹಾಜರಿ ಪುಸ್ತಕ ತುಂಬುತ್ತಿತ್ತೇ ಹೊರತು ಲೇತ್ ತಿರುಗುತ್ತಿರಲಿಲ್ಲ. ಪ್ರಮಾಣಪತ್ರ ಪಡೆದ ಮೇಲೆ ಅವನು ನನ್ನ ಬಳಿಯೇ ಮೊದಲಿನಿಂದ ಕೆಲಸ ಕಲಿಯಬೇಕಾಯಿತು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಗಿದೆ. ಅವುಗಳಲ್ಲಿ ಹತ್ತಿರದ್ದು ಯಾವುದೆಂದು ಮೊದಲು ವಿಚಾರಿಸಿ. ಅಪ್ರೆಂಟಿಸ್ ಅವಧಿ ಮುಗಿದ ಕೂಡಲೇ ಅದೇ ಕಾರ್ಖಾನೆ ಕಾಯಂ ಕೆಲಸ ಕೊಡುತ್ತದೆಂಬ ಖಾತ್ರಿಯೂ ಇಲ್ಲ, ಗುತ್ತಿಗೆಯಲ್ಲಿ ಕೆಲವು ವರ್ಷ ಕಳೆಯಬೇಕಾಗಬಹುದು. ಪ್ರವೇಶ ಶುಲ್ಕ ಕಟ್ಟುವ ಮುನ್ನ, ತರಗತಿ ನಡೆಯುವ ದಿನವೇ ಮಗನೊಂದಿಗೆ ಕಾರ್ಯಾಗಾರಕ್ಕೆ ಹೋಗಿ, ಬಿಡಿಭಾಗವನ್ನು ಬಿಗಿಯಾಗಿ ಹಿಡಿದಿಡುವ ಒಂದು ವೈಸಿಗೆ ಎಷ್ಟು ಹುಡುಗರು ಕಾಯುತ್ತಿದ್ದಾರೆ ನೋಡಿ. ಫಿಟ್ಟರ್ ಟ್ರೇಡಿಗೆ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯೇ ಎಂದೂ ಕೇಳಿ ತಿಳಿದುಕೊಳ್ಳಿ.